13.12ರಿಂದ 16.11ಕ್ಕೆ: ಗಿಟ್‌ಲ್ಯಾಬ್ ಸರ್ವರನ್ನು ಕೈಯಾರೆ ಮೇಲಕ್ಕೆ ತಂದ ಲೆಕ್ಕ

ಗಿಟ್‌ಲ್ಯಾಬ್ (ಕೋಡು ಮತ್ತು ಅದರ ಪ್ರತಿ ಬದಲಾವಣೆಯ ದಾಖಲೆ ಇಡುವ ತಂತ್ರಾಂಶ) 13.12ರಲ್ಲೇ ಗೂಟ ಹೊಡೆದು ಕೂತಿದ್ದ ಸರ್ವರು ಈಗ 16.11ರಲ್ಲಿ ಓಡುತ್ತಿದೆ. ಒಂದು ಕಮಿಟ್ (ದಾಖಲಾದ ಬದಲಾವಣೆ) ಹೋಗಿಲ್ಲ, ಒಂದು ಇಶ್ಯೂ (ದೂರು-ಕೆಲಸದ ಟಿಪ್ಪಣಿ) ಕಳೆದಿಲ್ಲ. "ಅದರ ಗೊಡವಿಗೆ ಹೋಗಬ್ಯಾಡ್ರಿ, ರಿಪೊ ಅಷ್ಟ ಕ್ಲೋನ್ ಮಾಡಿ ಇಟ್ಕೊಂಡು ಹೊಸಾದು ಹಾಕಿಬಿಡ್ರಿ" ಅಂದವರೇ ಹೆಚ್ಚು. ಸಲಹೆಗಾರರೊಬ್ಬರು ಸುಮಾರು 80 ಸಾವಿರದ ಕೊಟೇಶನ್ ಕೊಟ್ಟು, ಡೇಟಾ ಹೋದರೆ ತಮ್ಮ ಹೊಣೆಯಲ್ಲ ಅಂತ ಕೆಳಗೇ ಬರೆದಿದ್ದರು.

ಸರ್ವರು ಇರುವುದು ಬೆಳಗಾವಿ ಉದ್ಯಮಬಾಗದಲ್ಲಿ. 22 ಬಳಕೆದಾರರು, 40 ಜಿಬಿ ಆಸುಪಾಸು ರಿಪೊ (ಕೋಡಿನ ಭಂಡಾರ). ಅದರಲ್ಲಿ ಅರ್ಧ ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಯಂತ್ರ) ಪ್ರೋಗ್ರಾಂ ಮತ್ತು ಡ್ರಾಯಿಂಗ್, ಅವು ದೊಡ್ಡ ಫೈಲುಗಳಿಗೆಂದೇ ಇರುವ ಎಲ್‌ಎಫ್‌ಎಸ್‌ನಲ್ಲಿ. ಉಬುಂಟು 20.04, ಎಲ್ಲ ಭಾಗಗಳೂ ಒಂದರಲ್ಲೇ ಇರುವ ಆಮ್ನಿಬಸ್ ಪ್ಯಾಕೇಜು, 16 ಜಿಬಿ ರ್‍ಯಾಮ್. ಕ್ಲೌಡಿಗೆ ಹೋಗೋಣವೆಂದರೆ ಪುಕ್ಕಟೆ ಖಾತೆಯ ಖಾಸಗಿ ಗುಂಪಿಗೆ ಐದೇ ಜನ. ಪ್ರೀಮಿಯಂ ಒಬ್ಬರಿಗೆ ತಿಂಗಳಿಗೆ 29 ಡಾಲರ್, ಅಂದರೆ ವರ್ಷಕ್ಕೆ ಆರು ಲಕ್ಷದ ಮೇಲೆ. ನನಗೆ ಬಿದ್ದ ಖರ್ಚು: 1 ಟಿಬಿ ಎಸ್‌ಎಸ್‌ಡಿ ಆರು ಸಾವಿರ, ಯುಪಿಎಸ್ ಬ್ಯಾಟರಿ ಒಂಬತ್ತೋ ಹತ್ತೋ ಸಾವಿರ. ಜೊತೆಗೆ ನಾಲ್ಕು ಭಾನುವಾರ.

ಗಿಟ್‌ಲ್ಯಾಬ್ ಅಪ್‌ಗ್ರೇಡ್ ನಾನ್‌ಸ್ಟಾಪ್ ಬಸ್ಸಲ್ಲ, ನಡುವಿನ ಆವೃತ್ತಿಗಳಲ್ಲಿ ನಿಂತೇ ಹೋಗಬೇಕು. ನಾನು ಇಳಿದು ಹತ್ತಿದ ಸ್ಟಾಪುಗಳು: 14.0.12, 14.3.6, 14.9.5, 14.10.5, 15.0.5, 15.4.6, 15.11.13, ಆಮೇಲೆ 16.3, 16.7, 16.11. ಒಟ್ಟು ಹತ್ತು ಪ್ಯಾಕೇಜು, ಒಂದೊಂದು ಹೆಚ್ಚುಕಡಿಮೆ ಒಂದು ಜಿಬಿ. ಎಲ್ಲವನ್ನೂ ಮೊದಲೇ ಇಳಿಸಿಟ್ಟುಕೊಂಡು ಡಿಪಿಕೆಜಿಯಿಂದ (ಇಳಿಸಿಟ್ಟ ಪ್ಯಾಕೇಜನ್ನು ಹಾಕುವ ಉಬುಂಟು ಆದೇಶ) ಒಂದೊಂದಾಗಿ ಹಾಕಿದೆ. ಪ್ಯಾಕೇಜುಗಳನ್ನು ತಾನೇ ಇಳಿಸಿ ಹಾಕುವ ಏಪ್ಟ್‌ನಲ್ಲಿ ಗಿಟ್‌ಲ್ಯಾಬ್ ಪ್ಯಾಕೇಜಿಗೆ ಹೋಲ್ಡ್ ಹಾಕದಿದ್ದರೆ, ಯಾರೋ ಬೇರೆ ಕೆಲಸಕ್ಕೆ ಅಪ್‌ಗ್ರೇಡ್ ಒತ್ತಿದಾಗ ಇದೂ ನೇರ ಕೊನೆಯ ಆವೃತ್ತಿಗೆ ಜಿಗಿಯಲು ನೋಡುತ್ತದೆ. ಮೇಜರ್ ಆವೃತ್ತಿ ಹಾರಿದರೆ ಪ್ಯಾಕೇಜೇ ತಡೆಯುತ್ತದೆ. ನಡುವಿನ ಸ್ಟಾಪು ಹಾರಿದರೆ ಮೈಗ್ರೇಶನ್ (ಡೇಟಾಬೇಸನ್ನು ಹೊಸ ರೂಪಕ್ಕೆ ತರುವ ಕೆಲಸ) ಅರ್ಧಕ್ಕೆ ಬಂದಾಗಲೇ ಗೊತ್ತಾಗುವುದು.

ತಾಲೀಮನ್ನು ಹಳೆ ಪಿಸಿಯಲ್ಲಿ ಮಾಡಿದೆ. ಮೊದಲ ಸಲ ಬ್ಯಾಕಪ್ ತೆಗೆಯುವಾಗಲೇ, ಓದುತ್ತಿರುವಾಗ ಫೈಲ್ ಬದಲಾಯಿತು ಅಂತ ಫೈಲುಗಳನ್ನು ಗಂಟು ಕಟ್ಟುವ ಟಾರ್ ಕೈಕೊಟ್ಟಿತು. ಬ್ಯಾಕಪ್ಪಿನ ಸ್ಟ್ರಾಟಜಿಯನ್ನು ಕಾಪಿಗೆ (ಮೊದಲು ನಕಲು, ಆಮೇಲೆ ಗಂಟು) ಇಟ್ಟರೆ ಆ ಕಾಟ ತಪ್ಪುತ್ತದೆ, ಆದರೆ ಜಾಗ ಎರಡರಷ್ಟು ಬೇಕು. ಎಸ್‌ಎಸ್‌ಡಿ ತಂದದ್ದು ಅದಕ್ಕೇ. ಅದೇ ಆವೃತ್ತಿ, ಅದೇ ಎಡಿಷನ್ ಇದ್ದರೆ ಮಾತ್ರ ರಿಸ್ಟೋರ್ ಆಗುವುದು, ಹಾಗಾಗಿ ಹಳೆ ಡೆಬ್ (ಪ್ಯಾಕೇಜು) ಫೈಲುಗಳನ್ನು ಬಿಸಾಡಬೇಡಿ. ಎರಡನೇ ಪೆಟ್ಟು: ರಿಸ್ಟೋರ್ ಆಯಿತು, ಲಾಗಿನ್ ಆಯಿತು, ಸಿಐ (ಕೋಡನ್ನು ತಾನಾಗಿ ಪರೀಕ್ಷಿಸುವ ವ್ಯವಸ್ಥೆ) ಸೆಟ್ಟಿಂಗ್ ಪುಟ ತೆರೆದರೆ 500 ಎರರ್. ಗಿಟ್‌ಲ್ಯಾಬ್ ಬ್ಯಾಕಪ್ಪಿನೊಳಗೆ ಇಟಿಸಿ ಫೋಲ್ಡರಿನ ಸೀಕ್ರೆಟ್ಸ್ ಜೇಸನ್ ಫೈಲಾಗಲಿ, ಸೆಟ್ಟಿಂಗ್‌ಗಳಿರುವ ಗಿಟ್‌ಲ್ಯಾಬ್ ಡಾಟ್ ಆರ್‌ಬಿ ಆಗಲಿ ಇರುವುದಿಲ್ಲ. ಸೀಕ್ರೆಟ್ಸ್ ಇಲ್ಲದಿದ್ದರೆ ಸಿಐ ವೇರಿಯೇಬಲ್, ಎರಡು ಹಂತದ ಲಾಗಿನ್ ಯಾವುದನ್ನೂ ಡೀಕ್ರಿಪ್ಟ್ ಮಾಡಲಾಗದು. ಆ ಎರಡು ಫೈಲು ಈಗ ಪೆನ್‌ಡ್ರೈವಿನಲ್ಲಿವೆ, ಪೆನ್‌ಡ್ರೈವು ಕಪಾಟಿನಲ್ಲಿದೆ.

13.12 ಬಿಡುವ ಮುಂಚೆ ಎರಡು ಕೆಲಸ. ಹಳೆ ಪ್ರಾಜೆಕ್ಟುಗಳು ಲೆಗಸಿ ಸ್ಟೋರೇಜಿನಲ್ಲಿದ್ದರೆ (ಪ್ರಾಜೆಕ್ಟಿನ ಹೆಸರಿನ ಫೋಲ್ಡರಿನಲ್ಲಿ) ರೇಕ್ ಟಾಸ್ಕ್ (ಗಿಟ್‌ಲ್ಯಾಬಿನ ಸಿದ್ಧ ಆದೇಶ) ಓಡಿಸಿ ಹ್ಯಾಶ್ಡ್‌ಗೆ (ಸಂಕೇತದ ಹೆಸರಿನ ಫೋಲ್ಡರಿಗೆ) ತರಬೇಕು. ನಮ್ಮಲ್ಲಿ ಅಂಥವು ಅರವತ್ತರ ಹತ್ತಿರ ಇದ್ದವು, ಅರ್ಧ ತಾಸಿನಲ್ಲಿ ಮುಗಿದವು. ಇನ್ನೊಂದು, ಆರ್‌ಬಿ ಫೈಲಿನಲ್ಲಿ ಯಾವ ಕಾಲದಲ್ಲೋ ಬರೆದ ಯೂನಿಕಾರ್ನ್ ಸಾಲುಗಳು. 14.0ರಲ್ಲಿ ಯೂನಿಕಾರ್ನ್ ಎಂಬ ವೆಬ್ ಸರ್ವರನ್ನು ತೆಗೆದುಹಾಕಿದ್ದಾರೆ, ಅದರ ಜಾಗದಲ್ಲಿ ಎಲ್ಲಾ ಪ್ಯೂಮಾ. ಆ ಸಾಲು ಉಳಿದರೆ ರಿಕಾನ್ಫಿಗರ್ (ಸೆಟ್ಟಿಂಗನ್ನು ಜಾರಿಗೆ ತರುವ ಆದೇಶ) ಅಲ್ಲೇ ನಿಲ್ಲುತ್ತದೆ. ರಿಪೊಗಳನ್ನು ನೋಡಿಕೊಳ್ಳುವ ಗಿಟಾಲಿಯ ಸೆಟ್ಟಿಂಗ್ ಮುಟ್ಟಿದ್ದವರಿಗೆ 16.0ರಲ್ಲೂ ಇಂಥದೇ ಕೆಲಸ ಇದೆ, ಅದರ ಸಾಲುಗಳ ರೂಪವೇ ಬದಲಾಗಿದೆ.

ಎಲ್ಲರೂ ಬೀಳುವ ಗುಂಡಿ ಹಿನ್ನೆಲೆ ಮೈಗ್ರೇಶನ್‌ದು. ಪ್ಯಾಕೇಜು ಹಾಕಿ ಮುಗಿದು ಪುಟ ತೆರೆದರೆ ಕೆಲಸ ಆಯಿತು ಅನಿಸುತ್ತದೆ, ಒಳಗೆ ಸೈಡ್‌ಕಿಕ್ (ಹಿನ್ನೆಲೆ ಕೆಲಸಗಳನ್ನು ಮಾಡುವ ಭಾಗ) ಇನ್ನೂ ಕಾಲಂಗಳನ್ನು ನಕಲು ಮಾಡುತ್ತಾ ಇರುತ್ತದೆ. ತಾಲೀಮಿನಲ್ಲಿ ಅವಸರಕ್ಕೆ 14.3 ಬಿಟ್ಟು 14.0ರಿಂದ ನೇರ 14.9ಕ್ಕೆ ಹೋದೆ. ಮೈಗ್ರೇಶನ್ 'ಫಿನಿಶ್ಡ್' ಆಗಿರಬೇಕಿತ್ತು, 'ಆ್ಯಕ್ಟಿವ್' ಇದೆ ಅಂತ ಡೇಟಾಬೇಸ್ ಹಂತದಲ್ಲಿ ಬಿತ್ತು. ಪುಶ್ ಇವೆಂಟ್ ಟೇಬಲ್ಲಿನ ಐಡಿ ಕಾಲಂ ಬಿಗ್‌ಇಂಟ್‌ಗೆ (ದೊಡ್ಡ ಅಂಕಿ ಹಿಡಿಸುವ ರೂಪಕ್ಕೆ) ಹೋಗುವುದು ಮುಗಿದಿರಲಿಲ್ಲ. ಫೈನಲೈಸ್ ರೇಕ್ ಟಾಸ್ಕ್ ಓಡಿಸಬಹುದು, ಏನನ್ನು ಟೈಪ್ ಮಾಡಬೇಕೆಂದು ಎರರಿನ ಸಂದೇಶವೇ ಪೂರ್ತಿ ಕೊಡುತ್ತದೆ. ಆದರೂ ಕಾಯುವುದೇ ಅಗ್ಗ. 13.12ರಲ್ಲಿ ರೈಲ್ಸ್ ರನ್ನರ್ ಎಂಬ ಆದೇಶದಿಂದ ಕೇಳಿದರೆ ಉಳಿದ ಕೆಲಸದ ಎಣಿಕೆ ಸೊನ್ನೆಗೆ ಬರಬೇಕು. 14ರಿಂದ ಆಚೆ ಅಡ್ಮಿನ್ ಪುಟದ ಬ್ಯಾಕ್‌ಗ್ರೌಂಡ್ ಮೈಗ್ರೇಶನ್ ಪಟ್ಟಿಯನ್ನೂ ನೋಡಬೇಕು. ಸೊನ್ನೆ ಕಂಡ ಮೇಲೂ ನಾನು ಕಾಲು ತಾಸು ಬಿಟ್ಟು ಇನ್ನೊಮ್ಮೆ ನೋಡುತ್ತಿದ್ದೆ. 14.3ರ ಕಾಯುವಿಕೆ ಮೊದಲ ಸಲ ಐದಾರು ತಾಸು ಹಿಡಿಯಿತು, ನಿಜವಾದ ಸರ್ವರಿನಲ್ಲಿ ಒಂದೇ ತಾಸಿಗೆ ಇಳಿಸಿದೆ. ಇಳಿಸಿದ್ದು ಹೇಗೆ ಅನ್ನುವುದು ನನ್ನಲ್ಲೇ ಇರಲಿ. ಸೈಡ್‌ಕಿಕ್ ಬಲ್ಲವರಿಗೆ ಹೊಳೆದೇ ಹೊಳೆಯುತ್ತದೆ.

15.11ರಲ್ಲಿ ಗಿಟ್‌ಲ್ಯಾಬಿನ ಡೇಟಾಬೇಸ್ ಪೋಸ್ಟ್‌ಗ್ರೆಸ್ ತಾನಾಗಿಯೇ 12ರಿಂದ 13ಕ್ಕೆ ಹೋಗಬೇಕು. ಹೋಗಲಿಲ್ಲ. ಇಟಿಸಿ ಫೋಲ್ಡರಿನಲ್ಲಿ ಪೋಸ್ಟ್‌ಗ್ರೆಸ್ ಅಪ್‌ಗ್ರೇಡ್ ತಡೆಯುವ ಖಾಲಿ ಫೈಲೊಂದನ್ನು ಹಿಂದೆ ಯಾರೋ ಇಟ್ಟು ಮರೆತಿದ್ದರು. ಅದನ್ನು ತೆಗೆದು ಪಿಜಿ-ಅಪ್‌ಗ್ರೇಡ್ ಕೈಯಾರೆ ಓಡಿಸಿದರೆ ಡಿಸ್ಕಿನಲ್ಲಿ ಜಾಗ ಸಾಲದು ಅಂದಿತು. ಹಳೆಯದನ್ನು ಇಟ್ಟುಕೊಂಡೇ ಹೊಸದನ್ನು ಕಟ್ಟುವುದರಿಂದ ಡೇಟಾಬೇಸಿನಷ್ಟೇ ಜಾಗ ಇನ್ನೊಮ್ಮೆ ಬೇಕು. ಜಾಗ ತಿಂದದ್ದು ಪ್ರತಿ ಪ್ಯಾಕೇಜಿನ ಮುಂಚೆ ತಾನಾಗಿ ಆಗುವ ಡೇಟಾಬೇಸ್ ಬ್ಯಾಕಪ್ಪುಗಳು. ಹಳೆಯವನ್ನು ಎಸ್‌ಎಸ್‌ಡಿಗೆ ಸಾಗಿಸಿದ ಮೇಲೆ ದಾರಿ ಬಿಟ್ಟಿತು.

16.3ರ ಪ್ಯಾಕೇಜು ಬಿಚ್ಚುತ್ತಿರುವಾಗ ಕರೆಂಟು ಹೋಯಿತು. ಹೊಸ ಬ್ಯಾಟರಿ ನಲವತ್ತು ನಿಮಿಷ ಎಳೆಯಿತು, ಒಂದು ಪ್ಯಾಕೇಜಿಗೆ ಹಿಡಿಯುವುದೂ ಸುಮಾರು ಅಷ್ಟೇ. ತಾಲೀಮಿನಲ್ಲಿ ಬೇಕೆಂದೇ ಪ್ಲಗ್ ಕಿತ್ತು ನೋಡಿದ್ದೆ: ಡಿಪಿಕೆಜಿಗೆ ಕಾನ್ಫಿಗರ್ ಆಲ್ ಕೊಟ್ಟು, ಆಮೇಲೆ ರಿಕಾನ್ಫಿಗರ್ ಮಾಡಿದರೆ ಎದ್ದು ಕೂರುತ್ತದೆ. ಪೋಸ್ಟ್‌ಗ್ರೆಸ್ ಅಪ್‌ಗ್ರೇಡಿನ ನಡುವೆ ಕಿತ್ತು ನೋಡುವ ಧೈರ್ಯ ಮಾತ್ರ ಬರಲಿಲ್ಲ.

ನಡುವೆ ಒಂದು ಭಾನುವಾರ ಗಿಟೀಗೆ ಹೋಯಿತು, ಗಿಟ್‌ಲ್ಯಾಬಿನಂಥದೇ ಹಗುರ ತಂತ್ರಾಂಶ ಅದು. ಗೋ ಭಾಷೆಯ ಒಂದೇ ಬೈನರಿ. ಸರ್ವಿಸ್ ನಿಲ್ಲಿಸಿ, ಡಂಪ್ ತೆಗೆದು, ಬೈನರಿ ಬದಲಿಸಿ, ಶುರು ಮಾಡಿದರೆ ಅಪ್‌ಗ್ರೇಡ್ ಮುಗಿಯಿತು. 2022ರಲ್ಲಿ ಅದರಿಂದ ಕವಲೊಡೆದ ಫೋರ್ಜಿಯೋದ ರೀತಿಯೂ ಇದೇ. ಡೇಟಾಬೇಸ್ ಮೇಲಕ್ಕೆ ಹೋದ ಮೇಲೆ ಹಳೆ ಬೈನರಿ ಅದನ್ನು ಮುಟ್ಟುವುದಿಲ್ಲ ಅನ್ನುವುದಷ್ಟೇ ನೆನಪಿರಲಿ. ರಿಪೊ, ಇಶ್ಯೂ ಚೆನ್ನಾಗಿಯೇ ಬಂದವು. ನಮ್ಮ ಸಿಐ ಫೈಲುಗಳು ಅಲ್ಲಿ ನಡೆಯುವುದಿಲ್ಲ, ಎಲ್ಲವನ್ನೂ ಹೊಸದಾಗಿ ಬರೆಯಬೇಕು, ಅಲ್ಲಿಗೇ ಕೈಬಿಟ್ಟೆ. ಐದಾರು ಜನರ ಅಂಗಡಿಯಾದರೆ ನಾನು ಗಿಟೀಯನ್ನೇ ಹಾಕುತ್ತಿದ್ದೆ.

ರ್‍ಯಾಮ್ ಉಳಿಸಲು ಸರ್ವರಿನ ಸ್ಥಿತಿಗತಿ ಅಳೆಯುವ ಪ್ರೊಮಿಥಿಯಸ್ ಬಂದ್ ಮಾಡಿ, ಪ್ಯೂಮಾ ವರ್ಕರ್ ಎರಡಕ್ಕೆ ಇಳಿಸಿದ್ದೇನೆ, ಒಂದೂವರೆ ಜಿಬಿ ಬಿಡುವಾಗಿದೆ. 17ಕ್ಕೆ ಹೋಗುವವರು ಪೋಸ್ಟ್‌ಗ್ರೆಸ್ 14 ಇದೆಯೇ ನೋಡಿಕೊಳ್ಳಿ. ಅಲ್ಲಿನ ಸ್ಟಾಪುಗಳು 17.3, 17.5, 17.8, 17.11. ನಾನು ಡೆಬ್ ಇಳಿಸಿಟ್ಟಾಗಿದೆ, ಬ್ಯಾಟರಿಗೆ ಇನ್ನೊಂದು ಜೋಡಿ ಮಂಜೂರಾಗುವುದಷ್ಟೇ ಬಾಕಿ.