ಕಪ್ಪು ಬೆಕ್ಕಿನ ಮೊಮ್ಮಕ್ಕಳು ಸಿಯಾಮೀಸ್ ಆದದ್ದು: ನನ್ನ ಅನುಭವ

ದೇವಸ್ಥಾನದ ಕಪ್ಪು ಹೆಣ್ಣು ಬೆಕ್ಕನ್ನು ನನ್ನ ಸಿಯಾಮೀಸ್ ಗಂಡಿಗೆ ಕೂಡಿಸುತ್ತೇನೆ ಎಂದಾಗ ಬ್ಯಾಂಕಾಕಿನಲ್ಲಿ ಬೆಕ್ಕು ಸಾಕುವ ಗೆಳೆಯರು ಯಾರೂ ಒಪ್ಪಲಿಲ್ಲ. ಹತ್ತು ವರ್ಷ ಕಾಪಾಡಿದ ತಳಿಯನ್ನು ಕೈಯಾರೆ ಕೆಡಿಸುತ್ತಿದ್ದೀಯ ಎಂದರು. ಇವತ್ತು ಆ ಕಪ್ಪು ಬೆಕ್ಕಿನ ಮೊಮ್ಮಕ್ಕಳು ನನ್ನ ಮನೆಯಲ್ಲಿ ಓಡಾಡುತ್ತಿವೆ: ದುಂಡು ತಲೆ, ಗಟ್ಟಿ ಮೈ, ಅಚ್ಚ ನೀಲಿ ಕಣ್ಣು. ಅಂದು ಬೇಡವೆಂದವರಲ್ಲೇ ಇಬ್ಬರು ಮುಂಗಡ ಕೊಟ್ಟು ಮರಿ ಕಾಯ್ದಿರಿಸಿದ್ದಾರೆ. ಊರಿನ ಕಡೆಯ ಸಾಕಣೆಗಾರರು ಫೋನಿನಲ್ಲಿ ಮತ್ತೆ ಮತ್ತೆ ಕೇಳುವುದರಿಂದ ಇಲ್ಲಿ ಬರೆದಿಡುತ್ತಿದ್ದೇನೆ.

ನನ್ನ ಅಳತೆಗೋಲು ಪ್ರದರ್ಶನದ ಬಹುಮಾನವಲ್ಲ, ಥಾಯ್ ಜನರ ಹಳೆಯ ಬೆಕ್ಕಿನ ಹಸ್ತಪ್ರತಿ, ‘ತಮ್ರಾ ಮೇವ್’. ಹದಿನೇಳು ಶುಭ ಬೆಕ್ಕುಗಳನ್ನೂ ಆರು ಅಶುಭ ಬೆಕ್ಕುಗಳನ್ನೂ ಪದ್ಯದಲ್ಲಿ, ಚಿತ್ರದಲ್ಲಿ ಹೇಳುವ ಪುಸ್ತಕ ಅದು. ನಾವು ಸಿಯಾಮೀಸ್ ಎನ್ನುವ ವಿಚಿಯನ್‌ಮಾತ್‌ಗೆ ಅದರಲ್ಲಿರುವ ಲಕ್ಷಣ ಸರಳ: ಬಿಳಿ ಮೈ, ಎಂಟು ಕಡೆ ಕಪ್ಪು. ಮೂತಿ, ಬಾಲ, ಎರಡು ಕಿವಿ, ನಾಲ್ಕು ಪಾದ. ತ್ರಿಕೋನ ಮುಖ, ಬಾವಲಿಯಂಥ ಕಿವಿ, ಕಡ್ಡಿ ಮೈ ಇವೆಲ್ಲ ಪಶ್ಚಿಮದ ಪ್ರದರ್ಶನಗಳಲ್ಲಿ ಆಮೇಲೆ ಬೆಳೆದ ರೂಪ. 1884ರಲ್ಲಿ ಬ್ಯಾಂಕಾಕಿನ ಬ್ರಿಟಿಷ್ ಕಾನ್ಸಲ್ ಗೌಲ್ಡ್ ತನ್ನ ತಂಗಿಗೆಂದು ಇಂಗ್ಲೆಂಡಿಗೆ ಒಯ್ದ ಫೋ ಮತ್ತು ಮಿಯಾ ಜೋಡಿ ಹಾಗಿರಲಿಲ್ಲ. ಆ ಕಾಲದ ಫೋಟೊಗಳನ್ನು ನೋಡಿ, ನಮ್ಮ ಓಣಿಯ ಗಟ್ಟಿಮುಟ್ಟಾದ ಬೆಕ್ಕುಗಳೇ ಕಾಣುತ್ತವೆ. ಬೆಕ್ಕಿನ ತಳಿಗಳನ್ನು ನೋಂದಾಯಿಸುವ ಅಂತರರಾಷ್ಟ್ರೀಯ ಸಂಸ್ಥೆ ಟಿಕಾ ಕೂಡ ಈಗ ಹಳೆಯ ಮಾದರಿಯನ್ನು ‘ಥಾಯ್’ ಎಂಬ ಬೇರೆ ತಳಿಯಾಗಿ ಒಪ್ಪಿದೆ.

ನನ್ನ ಮೂಲ ಜೋಡಿ ಸಮುತ್ ಸೊಂಗ್‌ಖ್ರಾಮ್ ಪ್ರಾಂತದ ಅಂಫವಾ ಕಡೆಯದು, ಒಳ್ಳೆಯ ಹಳೆಯ ರೂಪ. ಆದರೆ ಕೆಲವು ತಲೆಮಾರು ಕಳೆಯುವಷ್ಟರಲ್ಲಿ ಪರಿಚಯದವರ ಬೆಕ್ಕುಗಳೆಲ್ಲ ಒಂದಕ್ಕೊಂದು ನೆಂಟರಾಗಿಬಿಟ್ಟವು. ಸೂಲಿಗೆ ಐದಾರು ಮರಿ ಹಾಕುತ್ತಿದ್ದ ಹೆಣ್ಣುಗಳು ಎರಡಕ್ಕೆ ಇಳಿದವು, ಅದರಲ್ಲೊಂದು ಉಳಿಯುತ್ತಿರಲಿಲ್ಲ. ಹೊಸ ರಕ್ತ ಬೇಕೆಂದು ಸುಮಾರು ನಲವತ್ತು ಸಾವಿರ ಬಾತ್ ಕೊಟ್ಟು ಪ್ರದರ್ಶನ ತಳಿಯ ಗಂಡೊಂದನ್ನು ತಂದೆ. ಕಾಗದಪತ್ರ ಚೊಕ್ಕವಾಗಿದ್ದವು. ಮರಿಗಳ ಮುಖ ಮಾತ್ರ ಅಪ್ಪನಂತೆ ಚೂಪಾಯಿತು, ಮೈ ಸಣಕಲಾಯಿತು. ಡಿಎನ್‌ಎ ಪರೀಕ್ಷೆಯಲ್ಲಿ ಆ ಗಂಡು ಕಣ್ಣಿನ ರೆಟಿನಾ ಕ್ಷೀಣಿಸುವ ದೋಷದ ವಾಹಕ ಎಂದು ಬಂತು. ಸಿಯಾಮೀಸ್ ವಂಶದಲ್ಲಿ ಈ ದೋಷ ಅಪರೂಪವಲ್ಲ. ಅದೇ ವರ್ಷ ಮಳೆಗಾಲದಲ್ಲಿ ಪ್ಯಾನ್‌ಲ್ಯೂಕೋಪೀನಿಯಾ ಎಂಬ ಬೆಕ್ಕುಗಳ ಮಾರಕ ವೈರಸ್ ರೋಗ ಬಂದು ಒಂದಿಡೀ ಸೂಲನ್ನು ಒಂದು ವಾರದೊಳಗೆ ಒಯ್ದಿತು. ಔಷಧ, ಡ್ರಿಪ್, ಪರೀಕ್ಷೆ ಎಲ್ಲ ಸೇರಿ ಇನ್ನೊಂದು ಮೂವತ್ತು ಸಾವಿರ ಬಾತ್ ಹೋಗಿರಬೇಕು.

ಆಗ ಕಣ್ಣಿಗೆ ಬಿದ್ದದ್ದು ದೇವಸ್ಥಾನದ ಬೆಕ್ಕುಗಳು. ಥಾಯ್ ವಾಟ್‌ಗಳಲ್ಲಿ ಭಿಕ್ಷುಗಳ ಅನ್ನ ತಿಂದು ಬೆಳೆಯುವ ಈ ಬೆಕ್ಕುಗಳ ಮೈಕಟ್ಟು ನನಗೆ ಬೇಕಾದದ್ದೇ. ಮೊದಲು ತಂದದ್ದು ಪಟ್ಟೆಯ ಹೆಣ್ಣು, ಆರೋಗ್ಯ ಕಬ್ಬಿಣ. ಎರಡನೆಯ ತಲೆಮಾರಿನಲ್ಲಿ ನೀಲಿ ಕಣ್ಣಿನ ಮರಿಗಳೇನೋ ಬಂದವು, ಆದರೆ ಬಾಲದಲ್ಲಿ ಬಳೆ, ಹಣೆಯಲ್ಲಿ ಗೆರೆ. ಪಟ್ಟೆ ಪ್ರಬಲ ಗುಣ, ಹೊಕ್ಕ ಮರಿಯಲ್ಲಿ ಅಡಗಿರುವುದಿಲ್ಲ. ಇನ್ನೊಂದು ಹೆಣ್ಣಿನ ಎದೆಯಲ್ಲಿ ಚಿಕ್ಕ ಬಿಳಿ ಮಚ್ಚೆಯಿತ್ತು. ಅದರ ಮೊಮ್ಮಕ್ಕಳಿಗೆ ಬಿಳಿ ಬೆರಳು. ಎಂಟು ಕಡೆ ಕಪ್ಪು ಎಂಬ ಲೆಕ್ಕ ಅಲ್ಲಿಗೆ ತಪ್ಪಿತು.

ಮೂರನೆಯದು ಈ ಕಪ್ಪು ಹೆಣ್ಣು. ಬೆಳಕಿಗೆ ಹಿಡಿದು ಕೂದಲು ಬಿಡಿಸಿದರೂ ಒಂದು ಬಿಳಿ ಎಳೆ ಸಿಗಲಿಲ್ಲ. ಅಂಫವಾ ವಂಶದ ಗಂಡಿಗೆ ಕೂಡಿಸಿದೆ. ಮರಿಗಳೆಲ್ಲ ಇದ್ದಿಲ ಕಪ್ಪು. ಸಿಯಾಮೀಸ್ ಬಣ್ಣ ಅಪ್ಪ ಅಮ್ಮ ಇಬ್ಬರಿಂದಲೂ ಬಂದರೆ ಮಾತ್ರ ಕಾಣುತ್ತದೆ, ಈ ಮರಿಗಳಲ್ಲಿ ಅದು ಅಡಗಿತ್ತು. ಗೆಳೆಯರು ಬಂದು ನೋಡಿ ತಲೆಯಾಡಿಸಿ ಹೋದರು. ಗಂಡು ಮರಿಗಳನ್ನು ಸಂತಾನಹರಣ ಮಾಡಿಸಿ ಪುಕ್ಕಟೆ ಕೊಟ್ಟೆ. ಎರಡು ಹೆಣ್ಣುಗಳನ್ನು ಇಟ್ಟುಕೊಂಡು, ಒಂದು ವರ್ಷ ತುಂಬಿದ ಮೇಲೆ ಅವಕ್ಕೆ ಸಂಬಂಧವಿಲ್ಲದ ಇನ್ನೊಂದು ವಿಚಿಯನ್‌ಮಾತ್ ಗಂಡನ್ನು ತಂದೆ. ಸೂಲಿಗೆ ಐದಾರು ಮರಿ, ಹೆಚ್ಚುಕಡಿಮೆ ಅರ್ಧ ಕಪ್ಪು, ಅರ್ಧ ಬಿಳಿ. ಆ ಬಿಳಿ ಮರಿಗಳೇ ನನ್ನ ಗೆಲುವು.

ಸಿಯಾಮೀಸ್ ಮರಿ ಹುಟ್ಟುವಾಗ ಪೂರ್ತಿ ಬಿಳಿ. ಗರ್ಭದ ಬಿಸಿಯಲ್ಲಿ ಬಣ್ಣ ಕೂಡುವುದಿಲ್ಲ, ಮೈಯ ತಣ್ಣನೆಯ ಭಾಗಗಳಲ್ಲಷ್ಟೇ ಮೂಡುತ್ತದೆ ಎಂಬುದು ನಿಮಗೆಲ್ಲ ಗೊತ್ತು. ಕೆಲವು ದಿನಗಳಲ್ಲಿ ಕಿವಿಯಂಚಿಗೆ ಬೂದಿ ಬಳಿದಂತೆ ಕಾಣಿಸುತ್ತದೆ. ಬಿಳಿ ಬೆರಳಿನ ದೋಷ ಕೂದಲಲ್ಲಿ ತಿಳಿಯಲು ತಿಂಗಳಾದರೂ ಬೇಕು, ಅಷ್ಟು ಕಾಯಲು ನನಗೆ ತಾಳ್ಮೆಯಿಲ್ಲ. ಅಂಗಾಲಿನ ಮೆತ್ತೆ ನೋಡಿ. ಉಳಿದ ಪಾದಗಳಲ್ಲಿ ಅದು ಮಬ್ಬಾಗುತ್ತಿರುವಾಗ ಒಂದರಲ್ಲಿ ಮಾತ್ರ ಗುಲಾಬಿಯಾಗಿಯೇ ಉಳಿದರೆ ಆ ಮರಿ ತಳಿಗೆ ಬೇಡ. ಮರಿಯ ತಲೆ ದುಂಡಾಗುತ್ತದೋ ಚೂಪಾಗುತ್ತದೋ ಎಂಬುದನ್ನು ಮೂರನೆಯ ವಾರದಲ್ಲೇ ಹೇಳಬಲ್ಲ ಗುರುತೊಂದೂ ನನ್ನ ಬಳಿ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಬಹಳ ಖರ್ಚಿನಲ್ಲಿ ಕಲಿತದ್ದು.

ಇದರ ನಡುವೆ ಇನ್ನೊಂದು ಪ್ರಯೋಗವೂ ನಡೆಯಿತು. ಒಂದು ಹೆಣ್ಣಿಗೆ ಶಸ್ತ್ರಚಿಕಿತ್ಸೆ ಮಾಡಿಸಿದಾಗ ಪಕ್ಕೆಯಲ್ಲಿ ಅಂಗೈಯಗಲ ಬೋಳಿಸಿದ್ದರು. ಅದನ್ನು ಎಸಿ ಕೋಣೆಯಲ್ಲಿ ಇಟ್ಟೆ. ಹೊಸ ಕೂದಲು ಗಾಢ ಕಂದಾಗಿ ಬೆಳೆಯಿತು. ಮುಂದಿನ ಸಲ ಕೂದಲು ಉದುರಿ ಬಂದಾಗ ಮತ್ತೆ ಕೆನೆಬಣ್ಣ. ಅಂದಿನಿಂದ ತಳಿಯ ಬೆಕ್ಕುಗಳನ್ನು ಎಸಿಯಿಲ್ಲದ ಮೇಲಿನ ಮಹಡಿಗೆ ಹಾಕಿದ್ದೇನೆ. ಮೈ ಬಿಳುಪು ಚೆನ್ನಾಗಿ ನಿಲ್ಲುತ್ತದೆ, ವಿದ್ಯುತ್ ಬಿಲ್ಲಿನಲ್ಲೂ ತಿಂಗಳಿಗೆ ಸಾವಿರದಷ್ಟು ಬಾತ್ ಉಳಿಯಿತು. ಬೆಂಗಳೂರಿನ ಚಳಿಗಾಲದಲ್ಲಿ ಮೈ ಕಪ್ಪಿಡುತ್ತಿದೆ ಎನ್ನುವವರು ಮೊದಲು ಬೆಕ್ಕು ಮಲಗುವ ಜಾಗ ಎಷ್ಟು ತಣ್ಣಗಿದೆ ನೋಡಲಿ.

ಕೂಗಿನ ಬಗ್ಗೆ ನನಗೆ ಭಯವಿತ್ತು. ಸಿಯಾಮೀಸ್ ಬೆಕ್ಕನ್ನು ಒಮ್ಮೆ ಸಾಕಿದವರು ಬೇರೆ ಬೆಕ್ಕಿಗೆ ಹೋಗದಿರುವುದು ಆ ಮಾತಿಗಾಗಿಯೇ: ಬಾಗಿಲು ತೆರೆದರೆ ಒಂದು ದನಿ, ತಟ್ಟೆ ಖಾಲಿಯಾದರೆ ಇನ್ನೊಂದು, ನಾವು ಉತ್ತರ ಕೊಟ್ಟರೆ ಅದಕ್ಕೆ ಮರುತ್ತರ. ಕಪ್ಪು ಅಜ್ಜಿ ಮೌನಿ. ಅವಳ ಕಪ್ಪು ಮಗಳಂದಿರೂ ಅಷ್ಟಾಗಿ ಮಾತಾಡುವುದಿಲ್ಲ. ಮೊಮ್ಮಕ್ಕಳು ಮಾತ್ರ ಬೆಳಗಿನ ಐದಕ್ಕೇ ಶುರು, ಕೆಳಮನೆಯವರು ಎರಡು ಸಲ ದೂರು ಕೊಟ್ಟಿದ್ದಾರೆ. ನನಗಂತೂ ಆ ದೂರು ಪ್ರಶಸ್ತಿಪತ್ರಕ್ಕೆ ಸಮ.

ಒಟ್ಟು ಲೆಕ್ಕದಲ್ಲಿ ಇನ್ನೂ ಲಕ್ಷ ಬಾತ್ ಹತ್ತಿರ ಹಿಂದಿದ್ದೇನೆ. ಮರಿಗೆ ಎಂಟು ಸಾವಿರದಂತೆ ಹೋಗುತ್ತಿದೆ, ಎರಡು ವರ್ಷದಲ್ಲಿ ಸರಿದೂಗಬಹುದು. ಮುಂದಿನದು ನೀಲಿ ಛಾಯೆಯ ಪಾಯಿಂಟ್, ಅಂದರೆ ಮೂತಿ, ಕಿವಿ, ಬಾಲ, ಪಾದಗಳಲ್ಲಿ ಕಪ್ಪಿನ ಬದಲು ನೀಲಿಬೂದು ಬಣ್ಣ. ನೀಲಿಬೂದು ಮೈಯ ಥಾಯ್ ತಳಿ ಕೊರಾಟ್ ಬೆಕ್ಕಿನ ಸೂಲಿನಲ್ಲಿ ಆಗೀಗ ನೀಲಿ ಕಣ್ಣಿನ ಮರಿ ಹುಟ್ಟುವುದುಂಟು, ಅಂದರೆ ಈ ಗುಣ ಅದರೊಳಗೂ ಅಡಗಿದೆ. ಅಂಥ ಮರಿಗೆ ತಂದೆಯಾದ ಕೊರಾಟ್ ಗಂಡೊಂದಕ್ಕೆ ಮಾತುಕತೆ ನಡೆದಿದೆ. ಮಾಲೀಕರು ಇಪ್ಪತ್ತೈದು ಸಾವಿರ ಕೇಳುತ್ತಿದ್ದಾರೆ, ನಾನು ಹದಿನೈದರಲ್ಲಿ ನಿಂತಿದ್ದೇನೆ.