ಹಾವೇರಿ ಗೋವಿನಜೋಳದಲ್ಲಿ ಮೆಕ್ಸಿಕೋ ರೊಟ್ಟಿ: ನನ್ನ ಅನುಭವ

ನನ್ನ ಹತ್ತಿರ ಅಡುಗೆ ಪುಸ್ತಕಗಳು ಮೂವತ್ತರ ಮೇಲಿವೆ. ಥಾಯ್, ಇಟಲಿ, ಚೆಟ್ಟಿನಾಡು, ಎಲ್ಲ ಮನೆಯಲ್ಲೇ ಮಾಡಿ ನೋಡಿದ್ದೇನೆ, ಕೈ ಕುದುರಿದೆ. ಟೋರ್ಟಿಯಾ, ಅಂದರೆ ಮೆಕ್ಸಿಕೋದ ಗೋವಿನಜೋಳದ ರೊಟ್ಟಿ, ಅದೊಂದು ಮಾತ್ರ ಎರಡು ವರ್ಷ ಸತಾಯಿಸಿತು. ಈಗ ಧಾರವಾಡದ ನಮ್ಮ ಮನೆಯ ಹಂಚಿನ ಮೇಲೆ ಅದು ಪುರಿ ಹಾಗೆ ಉಬ್ಬುತ್ತದೆ.

ಪುಸ್ತಕಗಳಲ್ಲೆಲ್ಲ ಒಂದೇ ಮಾತು, ಮಾಸಾ ಹರೀನಾ ತನ್ನಿ ಅಂತ. ಸುಣ್ಣದ ನೀರಲ್ಲಿ ಬೇಯಿಸಿದ ಗೋವಿನಜೋಳದ ಒಣ ಹಿಟ್ಟು ಅದು. ಕಿಲೋಗೆ ಸುಮಾರು 650 ರೂಪಾಯಿ ಕೊಟ್ಟು ಎರಡು ಪ್ಯಾಕೆಟ್ ತರಿಸಿದೆ. ರೊಟ್ಟಿ ಚೆನ್ನಾಗೇ ಬಂತು. ಆದರೆ ವಾರ ವಾರ ಅಷ್ಟು ದುಡ್ಡು ಸುರಿಯೋದಕ್ಕೆ ಆಗುತ್ತಾ? ಅಂಗಡಿಯ ಗೋವಿನಜೋಳದ ಹಿಟ್ಟಿಗೆ ಎಸರು ಹಾಕಿ, ಜೋಳದ ರೊಟ್ಟಿ ಥರ ನಾದಿ ತಟ್ಟಿದೆ. ಮಡಚಿದರೆ ಎರಡು ತುಂಡು. ಟೋರ್ಟಿಯಾದ ಆ ವಾಸನೆಯೂ ಇಲ್ಲ. ವಾಸನೆ, ಅಂಟು ಎರಡೂ ಬರುವುದು ಸುಣ್ಣದಿಂದ. ಮೆಕ್ಸಿಕೋದಲ್ಲಿ ಕಾಳನ್ನು ಸುಣ್ಣದ ನೀರಲ್ಲಿ ಕುದಿಸಿ, ನೆನೆಸಿ, ಆಮೇಲೆ ಅರೆಯುತ್ತಾರೆ.

ಸುಣ್ಣ ನಮಗೇನು ಹೊಸದಲ್ಲ, ಎಲೆ ಅಡಿಕೆ ಡಬ್ಬಿಯಲ್ಲೇ ಇದೆ. ಗೋವಿನಜೋಳ ಹಾವೇರಿ ಕಡೆ ಎಲ್ಲಿ ನೋಡಿದರೂ ಇದೆ. ಸಂಬಂಧಿಕರ ಹೊಲದಿಂದ ಐದು ಕಿಲೋ ತಂದೆ. ಬಿತ್ತನೆಯ ಕಾಳು ಬೇಡ, ಅದಕ್ಕೆ ಔಷಧ ಹಚ್ಚಿರುತ್ತಾರೆ. ಬೂಸ್ಟು ಹಿಡಿದ ಕಾಳನ್ನೂ ಆರಿಸಿ ಎಸೆಯಿರಿ.

"ಅಲ್ಲವಾ, ಕೋಳಿಗೆ ಹಾಕೋ ಕಾಳು ಕುದಿಸಾಕ ಹತ್ತೀಯಲ್ಲ!" ಅಂದರು ಅತ್ತೆ. ಕೇಟರಿಂಗ್ ಮಾಡುವ ಗೆಳತಿ, "ಮಷಿನ್ ಇಲ್ದ ಇದು ಆಗೂದಲ್ಲ ಬಿಡು" ಅಂದಳು.

ಮೊದಲ ಸಲ ಅಲ್ಯುಮಿನಿಯಂ ಪಾತ್ರೆಯಲ್ಲಿ ಕುದಿಸಿದೆ. ಸುಣ್ಣ ಪಾತ್ರೆಯನ್ನೇ ತಿಂದು ಕಪ್ಪು ಮಾಡಿತು, ಕಾಳನ್ನೆಲ್ಲ ಚೆಲ್ಲಿದೆ. ಸ್ಟೀಲ್ ಪಾತ್ರೆಯೇ ಆಗಬೇಕು. ಎರಡನೇ ಸಲ ಸುಣ್ಣ ಜಾಸ್ತಿಯಾಗಿ ಸಾಬೂನಿನ ರುಚಿ ಬಂತು. ಮೂರನೇ ಸಲ ಅರೆಯುವಾಗ ಮಿಕ್ಸಿ ಮೋಟಾರ್ ಸುಟ್ಟಿತು, ರಿಪೇರಿಗೆ 1,100. ಕೆಟ್ಟದ್ದಕ್ಕೆಲ್ಲ ಸೇರಿ ಮೂರು ಸಾವಿರ ಹೋಗಿರಬೇಕು.

ಈಗ ಮಾಡುವುದು ಹೀಗೆ. ಕಿಲೋ ಕಾಳಿಗೆ ತಿನ್ನುವ ಸುಣ್ಣದ ಪುಡಿಯಾದರೆ ಹತ್ತು ಗ್ರಾಂ, ಡಬ್ಬಿಯ ಹಸಿ ಸುಣ್ಣವಾದರೆ ಇಪ್ಪತ್ತರ ಆಸುಪಾಸು. ವಾಸನೆ, ಬಣ್ಣ ಬೆರೆಸಿದ ಸುಣ್ಣ ಬೇಡ. ಸಣ್ಣ ಉರಿಯಲ್ಲಿ ಮುಕ್ಕಾಲು ತಾಸು. ಒಂದು ಕಾಳು ತೆಗೆದು ಹೆಬ್ಬೆರಳಲ್ಲಿ ಉಜ್ಜಿ. ಸಿಪ್ಪೆ ಲೋಳೆಯಾಗಿ ಜಾರಬೇಕು. ಕಚ್ಚಿದರೆ ನಡುವೆ ಬಿಳಿ ಚುಕ್ಕೆಯಷ್ಟು ಹಸಿ ಉಳಿದಿರಬೇಕು. ಅಲ್ಲಿಗೆ ಇಳಿಸಿ, ಮುಚ್ಚಿ, ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಮೂರು ನೀರಲ್ಲಿ ತೊಳೆಯಿರಿ. ಐದಾರು ಸಲ ತೊಳೆದರೆ ಅಂಟೂ ಹೋಗುತ್ತದೆ, ನನಗೆ ಹಾಗೇ ಆಗಿತ್ತು.

ಅರೆಯಲು ಹಿತ್ತಲಿನ ಒಳಕಲ್ಲೇ ಗತಿಯಾಯಿತು. ಗ್ರೈಂಡರಿನಲ್ಲಿ ನೀರು ಜಾಸ್ತಿ ಕೇಳುತ್ತದೆ, ಹಿಟ್ಟು ದೋಸೆಗಾಗುತ್ತದೆ. ಕಲ್ಲಿನಲ್ಲಿ ಚಮಚ ಚಮಚ ನೀರು ಚಿಮುಕಿಸಿ ಎರಡು ಸಲ ಅರೆದರೆ ಬೆರಳಿಗೆ ಅಂಟದ ಮೆತ್ತನೆ ಹಿಟ್ಟು. ರೊಟ್ಟಿ ಒತ್ತುವ ಪ್ರೆಸ್ಸಿಗೆ ದುಡ್ಡು ಹಾಕಲಿಲ್ಲ. ಎಣ್ಣೆ ಪ್ಯಾಕೆಟ್ ಕತ್ತರಿಸಿ, ಹೋಳಿಗೆ ತಟ್ಟುವ ಹಾಗೆ ತಟ್ಟುತ್ತೇನೆ. ಹಂಚು ಚೆನ್ನಾಗಿ ಕಾದಿರಲಿ. ಒಂದು ಬದಿ ಅರ್ಧ ನಿಮಿಷ, ಇನ್ನೊಂದು ಬದಿ ಒಂದು ನಿಮಿಷ, ಮತ್ತೆ ತಿರುವಿ ಹಾಕಿ ಬಟ್ಟೆಯಲ್ಲಿ ಒತ್ತಿದರೆ ಉಬ್ಬುತ್ತದೆ. ಕಿಲೋಗೆ ಸಣ್ಣವು ಐವತ್ತರ ಮೇಲೆ. ಒಂದಕ್ಕೆ ಗ್ಯಾಸ್ ಸೇರಿ ಒಂದೂವರೆ ರೂಪಾಯಿ ಬೀಳಬಹುದು. ಮರುದಿನವೂ ಮೆತ್ತಗಿರೋದಕ್ಕೆ ನಾನೊಂದು ಹಿಟ್ಟು ಸ್ವಲ್ಪ ಬೆರೆಸುತ್ತೇನೆ. ಅದು ಯಾವುದು ಅಂತ ಈಗ ಹೇಳಲ್ಲ.

ಸಾಲ್ಸಾಗೆ, ಅಂದರೆ ಅವರ ಚಟ್ನಿಗೆ, ಪುಸ್ತಕದ ಮೆಣಸಿನಕಾಯಿ ಬದಲು ಬ್ಯಾಡಗಿ ಹುರಿದು ನೆನೆಸಿ, ಸುಟ್ಟ ಟೊಮೆಟೊ ಜೊತೆ ಅರೆದೆ. ಖಾರ ಕಡಿಮೆ, ಬಣ್ಣ ಭರ್ಜರಿ. ಒಳಗೆ ಮಡಕಿ ಕಾಳಿನ ಪಲ್ಯ. ಹದಿನೈದು ಜನರಿಗೆ ಬಡಿಸಿದ್ದೇನೆ. ಆ ಗೆಳತಿ ಆರು ತಿಂದಳು.

ಬಿಳಿಜೋಳಕ್ಕೂ ಸುಣ್ಣ ಹಾಕಿ ನೋಡಿದೆ. ಹಸಿರು ಹಳದಿ ಬಣ್ಣ ತಿರುಗಿತು, ರುಚಿ ಕೆಟ್ಟಿತು. ನಮ್ಮ ಜೋಳಕ್ಕೆ ಎಸರೇ ಸರಿ. ಏಪ್ರಿಲ್‌ನಲ್ಲಿ ಮಾತ್ರ ಇನ್ನೊಂದು ಕೈಗೂಡಿತು. ಸುಣ್ಣದಲ್ಲಿ ಕುದಿಸಿ ತೊಳೆದ ಗೋವಿನಜೋಳವನ್ನು ಮಾಳಿಗೆ ಮೇಲೆ ಎರಡು ದಿನ ಕಟಕಟ ಒಣಗಿಸಿ ಗಿರಣಿಗೆ ಕೊಟ್ಟೆ. ಕಲ್ಲಿನ ಹಿಟ್ಟಿನಷ್ಟು ರುಚಿ ಇಲ್ಲ, ಆದರೆ ಬಿಸಿನೀರು ಹಾಕಿದರೆ ಹತ್ತು ನಿಮಿಷದಲ್ಲಿ ತಟ್ಟಬಹುದು. ಎರಡು ಡಬ್ಬಿ ತುಂಬಿಟ್ಟಿದ್ದೇನೆ, ಮಳೆಗಾಲಕ್ಕೆ ಸಾಕು.