ಒಣದ್ರಾಕ್ಷಿಯಿಂದ ಶಾರ್ಕ್ ಪಾಠ ಮಾಡುವುದು

ಸಿಂಧನೂರು ತಾಲ್ಲೂಕಿನ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ನನ್ನ ತರಗತಿಯಲ್ಲಿ ಸಮುದ್ರ ಕಂಡವರು ಕಡಿಮೆ. ಸವಳು ಭೂಮಿ ಕಾಣದವರು ಯಾರೂ ಇಲ್ಲ. ಗದ್ದೆಯಲ್ಲಿ ನೀರು ನಿಂತಿದ್ದರೂ ಭತ್ತದ ಎಲೆತುದಿ ಸುಟ್ಟಂತೆ ಒಣಗುವುದನ್ನು ಅವರು ನೋಡಿದ್ದಾರೆ. ಉಪ್ಪುನೀರಿನಲ್ಲಿ ಶಾರ್ಕ್ ಹೇಗೆ ಬದುಕುತ್ತದೆ ಎಂಬ ಪಾಠವನ್ನು ಅಲ್ಲಿಂದಲೇ ಶುರು ಮಾಡಿ.

ಹಿಂದಿನ ಸಂಜೆ ಒಂದು ಲೀಟರ್ ನೀರಿಗೆ 35 ಗ್ರಾಂ ಉಪ್ಪು ಕರಗಿಸಿ. ಸಮುದ್ರದ ಉಪ್ಪು ಹೆಚ್ಚುಕಡಿಮೆ ಅಷ್ಟೇ. ಅದರಲ್ಲಿ ಆಲೂಗಡ್ಡೆಯ ತೆಳು ತುಂಡೊಂದು, ಒಣದ್ರಾಕ್ಷಿ ನಾಲ್ಕು ಹಾಕಿಡಿ. ಬೆಳಿಗ್ಗೆ ಆಲೂಗಡ್ಡೆ ಹಗ್ಗದಂತೆ ಬಾಗುತ್ತದೆ, ದ್ರಾಕ್ಷಿ ಉಬ್ಬಿರುತ್ತದೆ. ಉತ್ತರ ಹೇಳಬೇಡಿ. ಒಂದೇ ಲೋಟದಲ್ಲಿ ಹೀಗೇಕೆ ಎಂದು ಅವರೇ ಜಗಳವಾಡಲಿ. ಗುಟ್ಟು ಇಷ್ಟೇ: ಕರಗಿದ ವಸ್ತು ಹೆಚ್ಚಿರುವ ಗಟ್ಟಿ ಕಡೆಗೆ ನೀರು ಸರಿಯುತ್ತದೆ.

ಆಲೂಗಡ್ಡೆಯೆಂದರೆ ಬಂಗುಡೆ ಮೀನು. ಅದರ ರಕ್ತದಲ್ಲಿ ಕರಗಿರುವ ವಸ್ತು ಸಮುದ್ರದ ಮೂರರಲ್ಲೊಂದು ಪಾಲು. ಮೈಯ ನೀರು ಸೋರುತ್ತಲೇ ಇರುವುದರಿಂದ ಕಡಲನ್ನೇ ಕುಡಿದು ಉಪ್ಪನ್ನು ಕಿವಿರಿನಿಂದ ಹೊರಹಾಕುತ್ತದೆ. ದ್ರಾಕ್ಷಿಯೆಂದರೆ ಶಾರ್ಕ್ ಮತ್ತು ಚಪ್ಪಟೆ ಮೈಯ ತೊರಕೆ ಮೀನು. ಹೋಲಿಕೆ ತುಸು ಅತಿ: ಶಾರ್ಕ್ ರಕ್ತ ಸಮುದ್ರಕ್ಕಿಂತ ಸ್ವಲ್ಪವೇ ಗಟ್ಟಿ. ಅಷ್ಟು ಸಾಕು, ನೀರು ತಾನಾಗಿ ಒಳಗೆ ಬರುತ್ತದೆ.

ಗಟ್ಟಿಮಾಡುವುದು ಬಹುಪಾಲು ಯೂರಿಯಾ. ಮನೆಯ ಗೊಬ್ಬರದ ಚೀಲದಿಂದ ಒಂದು ಹಿಡಿ ತರಿಸಿ. 20 ಗ್ರಾಂ ತೂಗಿ ಅರ್ಧ ಲೋಟ ನೀರಿಗೆ ಹಾಕಿ ಕಲಕಿಸಿ. ಲೋಟ ಕೈಯಲ್ಲೇ ತಣ್ಣಗಾಗುತ್ತದೆ, ಗೊಬ್ಬರಕ್ಕೆ ಲೇಪಿಸಿದ ಬೇವಿನ ವಾಸನೆ ಏಳುತ್ತದೆ. ಲೀಟರ್ ಬಾಟಲಿಗೆ ಸುರಿದು ನೀರು ತುಂಬಿಸಿ. ಎಲೆಗೆ ಸಿಂಪಡಿಸುವ ಶೇ. 2ರ ದ್ರಾವಣ, ಶಾರ್ಕ್ ರಕ್ತದಲ್ಲಿರುವ ಯೂರಿಯಾ ಕೂಡ ಸುಮಾರು ಅಷ್ಟೇ! ನಮ್ಮ ರಕ್ತದಲ್ಲಿ ಲೀಟರಿಗೆ ಅರ್ಧ ಗ್ರಾಮೂ ಇರುವುದಿಲ್ಲ. ಬಾಟಲಿಗೆ ಚೀಟಿ ಅಂಟಿಸಿ. ಒಮ್ಮೆ ನಾನೇ ಬಾಯಾರಿ ಅದನ್ನು ಎತ್ತಿದ್ದೆ.

ಇಷ್ಟು ಯೂರಿಯಾ ಪ್ರೋಟೀನಿನ ಮಡಿಚಿದ ಆಕಾರವನ್ನು ಕೆಡಿಸುತ್ತದೆ. ಅದಕ್ಕೆ ಲಗಾಮು ಶಾರ್ಕ್ ಮೈಯಲ್ಲೇ ಇರುವ ಟಿಎಂಎಒ (ಟ್ರೈಮಿಥೈಲಮೈನ್ ಆಕ್ಸೈಡ್) ಎಂಬ ವಸ್ತು, ಸುಮಾರು ಎರಡು ಪಾಲು ಯೂರಿಯಾಕ್ಕೆ ಒಂದು ಪಾಲಿನ ಲೆಕ್ಕದಲ್ಲಿ. ಒಳನುಸುಳುವ ಉಪ್ಪನ್ನು ಕರುಳಿನ ತುದಿಯ ಬೆರಳಿನಂಥ ಗ್ರಂಥಿ ಹೊರಹಾಕುತ್ತದೆ. ಅದರ ಈ ಕೆಲಸ ತಿಳಿದದ್ದು 1960ರಲ್ಲಿ.

ಇನ್ನು ಕೆಲವು ದ್ರಾಕ್ಷಿಗಳನ್ನು ಸಿಹಿನೀರಿಗೆ ಹಾಕಿ. ನದಿಗೆ ನುಗ್ಗುವ ಬುಲ್ ಶಾರ್ಕಿನ ಪಾಡು ಅದು. ಯೂರಿಯಾ ತಗ್ಗಿಸಿಕೊಂಡರೂ ಅದರ ರಕ್ತ ನದಿಮೀನಿನದಕ್ಕಿಂತ ಎರಡರಷ್ಟು ಗಟ್ಟಿ. ನುಗ್ಗಿದ ನೀರನ್ನೆಲ್ಲ ತೆಳುಮೂತ್ರವಾಗಿ ಸುರಿಸುತ್ತಲೇ ಇರಬೇಕು. ಅಮೆಜಾನಿನ ತೊರಕೆಗಳು ಯೂರಿಯಾ ಕೂಡಿಡುವ ವಿದ್ಯೆಯನ್ನೇ ಮರೆತಿವೆ.

ಗೋಡೆಗೆ ನಕ್ಷೆ ತೂಗುಹಾಕಿರಿ. ‘ಸಾರ್, ತುಂಗಭದ್ರೆಗೆ ಶಾರ್ಕ್ ಬರುತ್ತದೆಯೇ?’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಆಗ ಕೃಷ್ಣೆಯ ಬಾಯಿಂದ ಮೇಲಕ್ಕೆ ಬೆರಳಾಡಿಸಿ: ವಿಜಯವಾಡದ ಬ್ಯಾರೇಜ್, ನಾಗಾರ್ಜುನಸಾಗರ, ಶ್ರೀಶೈಲ.